ಹುಳುಮನೆಯ ಇಎಸ್‌ಪಿ32 ಕಂಟ್ರೋಲರ್ ಕೈಕೊಟ್ಟಾಗ: ಪ್ಲಗ್ಗಿನಿಂದ ಲೈಬ್ರರಿಯ ಕೋಡಿನವರೆಗೆ

ಇದು ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಕಡೆ ರೇಷ್ಮೆ ಹುಳುಮನೆಗೆ ಸ್ವಂತವಾಗಿ ಕಂಟ್ರೋಲರ್ ಕಟ್ಟಿಕೊಂಡವರಿಗೆ ಮತ್ತು ಅಂಥದ್ದನ್ನು ಊರಿನವರಿಗೆ ಕಟ್ಟಿಕೊಟ್ಟು ಈಗ ಫೋನಿನಲ್ಲಿ ಬೈಸಿಕೊಳ್ಳುತ್ತಿರುವ ಹುಡುಗರಿಗೆ. ಸಾಮಾನು ಹೆಚ್ಚೇನಿಲ್ಲ: ವೈಫೈ ಇರುವ ಚಿಕ್ಕ ಕಂಪ್ಯೂಟರಿನಂಥ ಒಂದು ಇಎಸ್‌ಪಿ32 ಬೋರ್ಡು, ಉಷ್ಣತೆ ಮತ್ತು ತೇವ ಅಳೆಯುವ ಸೆನ್ಸರು, ನಾಲ್ಕು ರಿಲೇ (ಬೋರ್ಡಿನ ಸಣ್ಣ ಸಿಗ್ನಲ್‌ಗೆ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು). ರಿಲೇಗೆ ಹೀಟರ್, ಮಂಜಿನಂತೆ ನೀರು ಚಿಮ್ಮಿಸುವ ಫಾಗರ್ ಪಂಪು, ಎಗ್ಸಾಸ್ಟ್ ಫ್ಯಾನು ಸೇರಿರುತ್ತವೆ. ಒಳಗಿನ ಸಾಫ್ಟ್‌ವೇರ್ ಬಹುತೇಕ ಓಪನ್ ಸೋರ್ಸ್: ಆರ್ಡ್ವಿನೋ ಕೋರ್, ಅದರಡಿ ಚಿಪ್ ತಯಾರಕರ ಇಎಸ್‌ಪಿ-ಐಡಿಎಫ್, ಮೇಲೆ ಯಾರೋ ಬರೆದು ಹಂಚಿದ ಸೆನ್ಸರ್ ಲೈಬ್ರರಿ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಬೋರ್ಡು ಕೆಟ್ಟಿತೆಂದ ಕೂಡಲೇ ಮತ್ತೆ ಫ್ಲ್ಯಾಶ್ ಮಾಡಬೇಡಿ, ಅಂದರೆ ಕೋಡನ್ನು ಮತ್ತೆ ತುಂಬಬೇಡಿ. ಯಾಕೆ ಕೆಟ್ಟಿತು ಎಂಬುದನ್ನು ಬೋರ್ಡೇ ಸೀರಿಯಲ್ ಲಾಗಿನಲ್ಲಿ (ಯುಎಸ್‌ಬಿ ಮೂಲಕ ಕಳಿಸುವ ಸಂದೇಶಗಳಲ್ಲಿ) ಬರೆದು ಹಾಕುತ್ತದೆ. ಲ್ಯಾಪ್‌ಟಾಪ್ ಸಿಕ್ಕಿಸಿ, 1,15,200 ಬಾಡ್‌ನಲ್ಲಿ ಸೀರಿಯಲ್ ಮಾನಿಟರ್ ತೆರೆದು, ಬಂದದ್ದನ್ನೆಲ್ಲ ಫೈಲಿಗೆ ಉಳಿಸಿಕೊಳ್ಳಿ. ಹೊಸ ಕೋಡು ಹಾಕಿದ ಮೇಲೆ ಹಳೆಯ ಲಾಗ್ ಓದುವುದೂ ಕಷ್ಟ, ಅದನ್ನು ನಂಬುವುದೂ ಕಷ್ಟ.

ಮುಟ್ಟುವ ಮುನ್ನ

ಹುಳುಮನೆಯ ನೆಲ ಒದ್ದೆ, ಗೋಡೆ ಒದ್ದೆ. ಪೆಟ್ಟಿಗೆ ತೆರೆಯುವ ಮೊದಲು ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಕಾಲಿಗೆ ಒಣ ಚಪ್ಪಲಿ ಇರಲಿ. ಈ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಕಂಟ್ರೋಲರ್ ವಿಚಾರ ಆಮೇಲೆ. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ವೈಫೈ ಸ್ವಿಚ್ಚಿಗೆ ಓಪನ್ ಸೋರ್ಸ್ ಫರ್ಮ್‌ವೇರ್ ಹಾಕಿ ಬಳಸುವವರು ಇನ್ನೊಂದು ವಿಷಯ ನೆನಪಿಡಬೇಕು. ಅವುಗಳಲ್ಲಿ ಹಲವದರೊಳಗೆ ಬೋರ್ಡಿನ ಗ್ರೌಂಡ್ ಪಿನ್ನಿಗೂ 230 ವೋಲ್ಟ್ ಲೈನಿಗೂ ನೇರ ಸಂಬಂಧ ಇರುತ್ತದೆ. ಪ್ಲಗ್ಗಿನಲ್ಲಿ ಇರುವಾಗ ಸೀರಿಯಲ್ ಅಡಾಪ್ಟರ್ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಹೋಗುತ್ತದೆ, ಕೈಯಿಟ್ಟವರೂ ಹೋಗಬಹುದು.

ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್, ಎತ್ತಿದ ತಕ್ಷಣ ಬೀಳುವ ಆರ್‌ಸಿಸಿಬಿ, ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುವುದು: ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಹುಳು ಐದನೇ ಹಂತದಲ್ಲಿದ್ದರೆ ಅಥವಾ ಹಣ್ಣಾಗಿ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ಹೊತ್ತಾಗಿದ್ದರೆ, ಸಾಫ್ಟ್‌ವೇರ್ ಪ್ರಯೋಗವೂ ಬೇಡ. ಕೈ ಸ್ವಿಚ್ಚಿಗೆ ಹಾಕಿ, ಒಣ-ತೇವ ಥರ್ಮಾಮೀಟರ್ ನೋಡಿಕೊಂಡು ಬೆಳೆ ಮುಗಿಸಿ.

ಲಕ್ಷಣ: ದೀಪ ಉರಿಯುತ್ತದೆ, ಲ್ಯಾಪ್‌ಟಾಪಿಗೆ ಬೋರ್ಡೇ ಕಾಣುವುದಿಲ್ಲ

ನೂರಕ್ಕೆ ನೂರು ಮೊದಲು ಕೇಬಲ್ ಬದಲಿಸಿ. ಫೋನ್ ಚಾರ್ಜರ್ ಜೊತೆ ಬರುವ ಹಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಆಮೇಲೆ ಬೋರ್ಡಿನ ಮೇಲಿರುವ ಯುಎಸ್‌ಬಿ ಚಿಪ್ ಯಾವುದೆಂದು ನೋಡಿ: ಸಿಪಿ2102 ಅಥವಾ ಸಿಎಚ್340. ವಿಂಡೋಸ್‌ನಲ್ಲಿ ಆಯಾ ಡ್ರೈವರ್ ಬೇಕು. ಉಬುಂಟು 22.04ರಲ್ಲಿ ಸಿಎಚ್340 ಒಂದು ಕ್ಷಣ ಕಂಡು ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಸೇವೆ ಪೋರ್ಟನ್ನು ಹಿಡಿದುಕೊಂಡಿದೆ ಎಂದರ್ಥ. ಬ್ರೈಲ್ ಸಾಧನ ಬಳಸದಿದ್ದರೆ ಅದನ್ನು ತೆಗೆದುಹಾಕಿ. ಪೋರ್ಟ್ ಇದ್ದೂ ಅನುಮತಿ ಇಲ್ಲ ಎಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.

ಪೋರ್ಟ್ ಕಾಣುತ್ತದೆ, ಅಪ್‌ಲೋಡ್ ಮಾತ್ರ ಪ್ಯಾಕೆಟ್ ಹೆಡರಿಗೆ ಕಾದು ಟೈಮ್‌ಔಟ್ ಆಗುತ್ತದೆಯೇ? ‘ಕನೆಕ್ಟಿಂಗ್’ ಎಂದು ಬರುವಾಗ ಬೂಟ್ ಬಟನ್ ಒತ್ತಿ ಹಿಡಿಯಿರಿ. ಪ್ರತಿ ಸಲ ಹೀಗೆ ಒತ್ತಬೇಕಾಗಿ ಬಂದರೆ ಇಎನ್ (ರೀಸೆಟ್) ಪಿನ್ನಿಗೂ ಗ್ರೌಂಡಿಗೂ ನಡುವೆ 1ರಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ತೊಂದರೆ ತಪ್ಪುತ್ತದೆ.

ಲಕ್ಷಣ: ಬೋರ್ಡು ತಾನಾಗಿ ರೀಸೆಟ್ ಆಗುತ್ತದೆ

ಕೋಡಿನ ತಲೆಗೆ ಅತಿ ಹೆಚ್ಚು ಸುಳ್ಳು ಅಪವಾದ ಕಟ್ಟುವ ಲಕ್ಷಣ ಇದು. ಕೇಳಬೇಕಾದ ಮೊದಲ ಪ್ರಶ್ನೆ: ರಿಲೇ ಆನ್ ಆಗುವಾಗ ರೀಸೆಟ್ ಆಗುತ್ತದೋ, ಆಫ್ ಆಗುವಾಗಲೋ?

ಆನ್ ಆಗುವಾಗ ಆದರೆ ಪವರ್ ಸಾಲುತ್ತಿಲ್ಲ. ಲೆಕ್ಕ ಹಾಕಿ ನೋಡಿ. ನೀಲಿ ಡಬ್ಬಿಯ 5 ವೋಲ್ಟ್ ರಿಲೇ ಒಂದಕ್ಕೆ ಸುಮಾರು 71 ಮಿಲಿಆಂಪಿಯರ್, ನಾಲ್ಕಕ್ಕೆ 284. ವೈಫೈ ಕಳಿಸುವ ಕ್ಷಣದಲ್ಲಿ ಇಎಸ್‌ಪಿ32 ತಾನೇ 240ರವರೆಗೆ ಎಳೆಯುತ್ತದೆ. ಒಟ್ಟು 524. ಎಲ್ಲರೂ ಬೋರ್ಡಿಗೆ ಬೆಸೆಯುವ 3 ವ್ಯಾಟಿನ ಚಿಕ್ಕ ಪವರ್ ಮಾಡ್ಯೂಲ್ ಕೊಡುವುದು 600. ಉಳಿಯುವ 76ರಲ್ಲಿ ಸೆನ್ಸರು, ಡಿಸ್‌ಪ್ಲೇ, ಬೇಸಿಗೆಯ ಬಿಸಿ ಎಲ್ಲ ಸುಧಾರಿಸಬೇಕು. ಅದರ ಮೇಲೆ 3 ಮೀಟರ್ ಉದ್ದದ ಸಣ್ಣ ಕೇಬಲ್ ಇದ್ದರಂತೂ ಮುಗಿಯಿತು: 28 ಗೇಜಿನ ತಂತಿ ಹೋಗಿ ಬರುವ 6 ಮೀಟರಿಗೆ ಸುಮಾರು 1.3 ಓಮ್, ಅರ್ಧ ಆಂಪಿಯರಿಗೆ 0.64 ವೋಲ್ಟ್ ದಾರಿಯಲ್ಲೇ ಖರ್ಚು. ಬೋರ್ಡು ತಲುಪುವುದು 4.36 ವೋಲ್ಟ್. ಬೋರ್ಡಿನ 1117 ರೆಗ್ಯುಲೇಟರಿಗೆ 3.3 ಕೊಡಲು ತಾನೇ 1.1 ವೋಲ್ಟ್‌ಗೂ ಹೆಚ್ಚು ಅಂತರ ಬೇಕು.

ಲಾಗಿನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್’ ಎಂಬ ಸಾಲು ಕಂಡರೆ ಅನುಮಾನವೇ ಬೇಡ. ಒಳಗಿನ ವೋಲ್ಟೇಜ್ ಸುಮಾರು 2.43ಕ್ಕೆ ಕುಸಿದಾಗ ಮಾತ್ರ ಅದು ಬರುವುದು. ಮಲ್ಟಿಮೀಟರ್ 5 ವೋಲ್ಟ್ ತೋರಿಸುತ್ತಿದೆಯಲ್ಲ ಎಂದು ವಾದಿಸಬೇಡಿ. ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್, ಗಿಡ್ಡ ದಪ್ಪ ತಂತಿ, ಬೋರ್ಡಿನ 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ 470ರಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಬ್ರೌನ್‌ಔಟ್ ಡಿಟೆಕ್ಟರನ್ನೇ ಕೋಡಿನಲ್ಲಿ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಜ್ವರ ಬಂದಾಗ ಥರ್ಮಾಮೀಟರ್ ಒಡೆದ ಹಾಗೆ. ವೋಲ್ಟೇಜ್ ಕುಸಿದ ಹೊತ್ತಿಗೆ ಫ್ಲ್ಯಾಶ್ ಬರೆಯುತ್ತಿದ್ದರೆ ಉಳಿಸಿಟ್ಟ ಸೆಟ್ಟಿಂಗ್ ಹಾಳಾಗುತ್ತವೆ.

ಆಫ್ ಆಗುವಾಗ ರೀಸೆಟ್ ಆದರೆ ಕಥೆ ಬೇರೆ. ಪಂಪಿನ ಮೋಟಾರು, ಕಾಂಟ್ಯಾಕ್ಟರಿನ (ದೊಡ್ಡ ಲೋಡಿಗೆ ಬಳಸುವ ರಿಲೇಯ) ಕಾಯಿಲು ಬಿಡುವಾಗ ಕಿಡಿ ಹಾರುತ್ತದೆ. ಆ ಗದ್ದಲ ಇಎನ್ ಪಿನ್ನಿಗೆ ಹೊಡೆಯುತ್ತದೆ. ಇಎನ್ ಕೆಳಗಿಳಿದರೂ ಲಾಗಿನಲ್ಲಿ ‘ಪವರ್‌ಆನ್ ರೀಸೆಟ್’ ಎಂದೇ ಬರುವುದರಿಂದ ಕರೆಂಟೇ ಹೋಗಿ ಬಂತೆಂದು ತಪ್ಪು ತಿಳಿಯುತ್ತೇವೆ. ಮದ್ದು ಲೋಡಿನ ಕಡೆ ಇದೆ: ಕಾಯಿಲಿಗೆ ಅಡ್ಡಲಾಗಿ 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಕ್ಸ್2 ಕೆಪಾಸಿಟರ್ ಸರಣಿಯಲ್ಲಿ. ಕೆಪಾಸಿಟರ್ ಎಕ್ಸ್2 ದರ್ಜೆಯದೇ ಆಗಿರಬೇಕು, ಬೇರೆಯದು ಕೆಟ್ಟಾಗ ಉರಿಯಬಹುದು. ಸೆನ್ಸರ್ ತಂತಿಯನ್ನೂ 230 ವೋಲ್ಟ್ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದಿದ್ದರೆ ಬೇರ್ಪಡಿಸಿ.

ಇನ್ನೊಂದು: 2 ಕಿಲೋವ್ಯಾಟ್ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ರಿಲೇ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿದೆ ಎಂದು ಗಂಟೆಗಟ್ಟಲೆ ಅದರ ಮೂಲಕ ಹೀಟರ್ ಓಡಿಸಬೇಡಿ. ಕಾಂಟ್ಯಾಕ್ಟು ಅಂಟಿಕೊಂಡರೆ ಕೋಡು ಏನು ಹೇಳಿದರೂ ಹೀಟರ್ ನಿಲ್ಲದು. ರಿಲೇ ಕಾಂಟ್ಯಾಕ್ಟರನ್ನು ಎಳೆಯಲಿ, ಕಾಂಟ್ಯಾಕ್ಟರ್ ಹೀಟರನ್ನು. ಹೀಟರಿನ ಸಾಲಿನಲ್ಲಿ ಬೋರ್ಡಿನ ಹಂಗಿಲ್ಲದ ಒಂದು ಥರ್ಮೋಸ್ಟಾಟ್ ಕಟ್‌ಔಟ್ ಇರಲೇಬೇಕು.

ಲಕ್ಷಣ: ಹೊಸ ತಂತಿ ಜೋಡಿಸಿದ ಮೇಲೆ ಬೂಟೇ ಆಗುತ್ತಿಲ್ಲ

‘ಫ್ಲ್ಯಾಶ್ ರೀಡ್ ಎರರ್’ ಅಥವಾ ‘ಇನ್‌ವ್ಯಾಲಿಡ್ ಹೆಡರ್’ ಸಾಲು ಸಾಲಾಗಿ ಬರುತ್ತಿದೆ, ಆ ತಂತಿ ಬಿಚ್ಚಿದರೆ ಸರಿಹೋಗುತ್ತದೆ. ತಂತಿ ಜಿಪಿಐಒ 12 ಎಂಬ ಪಿನ್ನಿಗೆ ಹೋಗಿರಬೇಕು. ಬೂಟ್ ಆಗುವ ಕ್ಷಣದಲ್ಲಿ ಈ ಪಿನ್ನಿನ ವೋಲ್ಟೇಜ್ ಮೇಲಿದ್ದರೆ ಚಿಪ್ಪು ತನ್ನ ಫ್ಲ್ಯಾಶಿಗೆ 3.3ರ ಬದಲು 1.8 ವೋಲ್ಟ್ ಕೊಡುತ್ತದೆ. ರಿಲೇ ಮಾಡ್ಯೂಲಿನ ಪುಲ್‌ಅಪ್ (ಪಿನ್ನಿನ ವೋಲ್ಟೇಜನ್ನು ಮೇಲೆಳೆದು ಹಿಡಿಯುವ ರೆಸಿಸ್ಟರ್) ಇಷ್ಟಕ್ಕೆ ಸಾಕು. ತಂತಿಯನ್ನು 25, 26, 27, 32 ಅಥವಾ 33ಕ್ಕೆ ಸಾಗಿಸಿ. ಚಿಪ್ಪಿನೊಳಗಿನ ಇ-ಫ್ಯೂಸ್ ಸುಟ್ಟು 3.3ಕ್ಕೆ ಖಾಯಂ ಮಾಡುವ ದಾರಿಯೂ ಇದೆ, ಆದರೆ ಒಮ್ಮೆ ಸುಟ್ಟರೆ ವಾಪಸ್ಸಿಲ್ಲ. ಒಂದು ತಂತಿ ಸರಿಸುವುದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. 6ರಿಂದ 11 ಫ್ಲ್ಯಾಶಿನ ಪಾಲು, ಮುಟ್ಟಬೇಡಿ. 34ರಿಂದ 39 ಒಳಮುಖ ಮಾತ್ರ. ಅವಕ್ಕೆ ಒಳಗಿನ ಪುಲ್‌ಅಪ್ಪೂ ಇಲ್ಲ.

ಲಕ್ಷಣ: ಸೆನ್ಸರ್ ಸುಳ್ಳು ಹೇಳುತ್ತಿದೆ

ಸುಳ್ಳಿನ ಬಗೆ ನೋಡಿದರೆ ಕಾರಣ ತಿಳಿಯುತ್ತದೆ.

ತೇವ 99.9ರಲ್ಲೇ ನಿಂತಿದ್ದರೆ ಡಿಎಚ್‌ಟಿ22 ಸೆನ್ಸರಿನ ಒಳಗೆ ನೀರು ಕೂತಿದೆ, ಇಲ್ಲವೇ ಅದು ಸತ್ತಿದೆ. ಫಾಗರಿನ ನಳಿಕೆಗೆ ಎದುರು ಕಟ್ಟಿದ್ದರೆ ಜಾಗ ಬದಲಿಸಿ, ತಟ್ಟೆಗಳ ಎತ್ತರಕ್ಕೆ, ಗೋಡೆಯಿಂದ ಒಂದಡಿ ಈಚೆಗೆ ಕಟ್ಟಿ. ಹುಳು ಜ್ವರಕ್ಕೆ (ಪೊರೆ ಬಿಡಲು) ಕೂತಾಗ ಹಾಸಿಗೆಯ ಮೇಲೆ ಎರಚುವ ಸುಣ್ಣದ ಪುಡಿ ಸೆನ್ಸರಿನ ಜಾಲರಿಯಲ್ಲಿ ಕೂತು ತೇವದೊಂದಿಗೆ ಗಟ್ಟಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಬೆಳೆ ಬೆಳೆಗಳ ನಡುವಿನ ಸೋಂಕು ನಿವಾರಣೆ: ಬ್ಲೀಚಿಂಗ್ ಪೌಡರ್, ಕ್ಲೋರಿನ್ ಡೈಆಕ್ಸೈಡ್, ಫಾರ್ಮಲಿನ್ ಯಾವುದನ್ನೂ ಸೆನ್ಸರಿನ ಪದರ ತಾಳುವುದಿಲ್ಲ; ಕ್ಲೋರಿನ್ ತಾಮ್ರದ ಕಾಲುಗಳನ್ನೂ ಹಸಿರು ಮಾಡುತ್ತದೆ. ಔಷಧ ಹೊಡೆಯುವ ಮುನ್ನ ಸೆನ್ಸರನ್ನು ಕನೆಕ್ಟರಿನಿಂದ ಕಳಚಿ ಮನೆಗೆ ಒಯ್ಯಿರಿ. ಕನೆಕ್ಟರ್ ಇಲ್ಲದೆ ನೇರ ಬೆಸುಗೆ ಹಾಕಿದ್ದರೆ ಈ ಬೆಳೆ ಮುಗಿದ ಕೂಡಲೇ ಹಾಕಿಸಿ. ಬೋರ್ಡಿಗೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹೊಡೆಯಿರಿ, ಸೆನ್ಸರಿಗೆ ಮಾತ್ರ ಬೇಡ.

ಉಷ್ಣತೆ 85 ಡಿಗ್ರಿ ಎಂದರೆ ಅದು ಡಿಎಸ್18ಬಿ20 ಎಂಬ ಉಷ್ಣತೆಯ ಸೆನ್ಸರು ಪವರ್ ಬಂದ ಕೂಡಲೇ ತೋರಿಸುವ ಅಂಕಿ. ಅಳತೆ ಮುಗಿಯಲು 12 ಬಿಟ್‌ನಲ್ಲಿ 750 ಮಿಲಿಸೆಕೆಂಡ್ ಬೇಕು, ಕೋಡು ಅದಕ್ಕೆ ಮೊದಲೇ ಓದಿದೆ ಅಥವಾ ಸೆನ್ಸರಿನ ಪವರ್ ನಡುವೆ ಕಡಿದಿದೆ. ಮೈನಸ್ 127 ಎಂದರೆ ತಂತಿ ಕಡಿದಿದೆ, ಇಲ್ಲವೇ 4.7 ಕಿಲೋಓಮ್ ಪುಲ್‌ಅಪ್ ಇಲ್ಲ.

ಓದಿದ್ದು ‘ನ್ಯಾನ್’, ಅಂದರೆ ಸಂಖ್ಯೆಯೇ ಅಲ್ಲ ಎಂದು ಬಂದರೆ ಡಿಎಚ್‌ಟಿ22ರ 40 ಬಿಟ್‌ಗಳ ಕೊನೆಯ 8 ಬಿಟ್ ತಾಳೆಯಾಗಿಲ್ಲ. 2 ಸೆಕೆಂಡಿಗಿಂತ ಬೇಗ ಬೇಗ ಓದುತ್ತಿದ್ದೀರಾ? ಪುಲ್‌ಅಪ್ 4.7ರಿಂದ 10 ಕಿಲೋಓಮ್ ಇದೆಯೇ? ಅಲ್ಲೊಂದು ಇಲ್ಲೊಂದು ತಪ್ಪಿದರೆ ಚಿಂತೆಯಿಲ್ಲ. ಸೊನ್ನೆ, ಒಂದು ಎಂಬ ವ್ಯತ್ಯಾಸ ಸುಮಾರು 27 ಮತ್ತು 70 ಮೈಕ್ರೋಸೆಕೆಂಡ್ ನಡುವೆ ಇದ್ದು, ವೈಫೈನ ಇಂಟರಪ್ಟ್ ನಡುವೆ ಬಂದರೆ ಲೆಕ್ಕ ತಪ್ಪುತ್ತದೆ.

ಅಂಕಿ ತಪ್ಪಿದ್ದಕ್ಕಿಂತ ಆ ತಪ್ಪು ಅಂಕಿಯ ಮೇಲೆ ಕೋಡು ಏನು ಮಾಡುತ್ತದೆ ಎಂಬುದು ಮುಖ್ಯ. 24ಕ್ಕಿಂತ ಕಡಿಮೆಯಿದ್ದರೆ ಹೀಟರ್ ಆನ್ ಎಂದು ಬರೆದ ಕೋಡಿಗೆ ಮೈನಸ್ 127 ಸಿಕ್ಕರೆ ಹೀಟರ್ ರಾತ್ರಿಯಿಡೀ ಉರಿಯುತ್ತದೆ. ನ್ಯಾನ್ ಇನ್ನೂ ಕಪಟಿ: ಅದರೊಂದಿಗಿನ ‘ಹೆಚ್ಚು’, ‘ಕಡಿಮೆ’ ಹೋಲಿಕೆ ಎರಡೂ ಸುಳ್ಳು. ಉರಿಯುತ್ತಿದ್ದ ಹೀಟರಿಗೆ ಆಫ್ ಆಗುವ ಷರತ್ತು ಎಂದೂ ಬರುವುದಿಲ್ಲ. ಓದಿದ್ದು 10ರಿಂದ 45ರ ಒಳಗಿಲ್ಲದಿದ್ದರೆ ಅದನ್ನು ಬಿಸಾಕಿ, ಸತತ 5 ಸಲ ಹಾಗಾದರೆ ಹೀಟರ್ ಆಫ್ ಮಾಡಿ ಬಜರ್ ಹೊಡೆಸಿ. ಲೈಬ್ರರಿ ಬದಲಿಸುವುದಕ್ಕೆ ಮೊದಲು ಈ ನಾಲ್ಕು ಸಾಲು ಬರೆಯಿರಿ.

ಅಂಕಿ ನಂಬುವ ಹಾಗಿದೆ, ಆದರೂ ಅನುಮಾನ ಎಂದಾದರೆ ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪಿಗೆ ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಹಾಕಿ, ಸೆನ್ಸರಿಗೆ ತಾಗದಂತೆ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು 8 ಗಂಟೆ ಬಿಡಿ. 25 ಡಿಗ್ರಿಯ ಆಸುಪಾಸಿನಲ್ಲಿ ಒಳಗಿನ ತೇವ ಶೇ. 75 ಇರುತ್ತದೆ. ಸೆನ್ಸರ್ 70 ಅಥವಾ 80 ಎಂದರೆ ಆ ವ್ಯತ್ಯಾಸವನ್ನು ಕೋಡಿನಲ್ಲಿ ಕಳೆದುಕೊಳ್ಳಬಹುದು. 90 ಎಂದರೆ ಬಿಸಾಡಿ. ಚಾಕಿಗೆ (ಎಳೆಯ ಹುಳುವಿಗೆ) 85ರಿಂದ 90, ಐದನೇ ಹಂತಕ್ಕೆ 70ರ ಸುತ್ತಮುತ್ತ ಬೇಕಾದ ಕೆಲಸದಲ್ಲಿ 15ರ ತಪ್ಪು ಸಣ್ಣದಲ್ಲ.

ಫಾಗರ್ ಓಡುತ್ತಿದೆ, ಸೆನ್ಸರ್ ಸರಿಯಿದೆ, ತೇವ ಮಾತ್ರ ಏರುತ್ತಿಲ್ಲವೇ? ಆಳದ ಬೋರ್‌ವೆಲ್ಲಿನ ಗಡಸು ನೀರು ನಳಿಕೆಗೆ ಕಲ್ಲು ಕಟ್ಟಿಸಿದೆ. ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿ ನೆನೆಹಾಕಿ. ಇದನ್ನು ಹುಡುಕಲು ಲ್ಯಾಪ್‌ಟಾಪ್ ತೆರೆದವರೇ ಹೆಚ್ಚು.

ಲಕ್ಷಣ: ರಿಲೇ ಹಿಡಿದದ್ದು ಬಿಡುವುದಿಲ್ಲ

ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟು ಸಿಗ್ನಲ್ ಮಾತ್ರ 3.3 ವೋಲ್ಟ್ ಬೋರ್ಡಿನಿಂದ ಬಂದರೆ, ‘ಆಫ್’ ಸ್ಥಿತಿಯಲ್ಲೂ ಆಪ್ಟೋ ಎಲ್‌ಇಡಿಯ (ಸಿಗ್ನಲನ್ನು ಬೆಳಕಾಗಿ ದಾಟಿಸುವ ಪುಟ್ಟ ದೀಪದ) ಸಾಲಿನಲ್ಲಿ 1.7 ವೋಲ್ಟ್ ಉಳಿದು ಅದು ಮಂಕಾಗಿ ಉರಿಯಬಹುದು. ಮಾಡ್ಯೂಲಿನ ವಿಸಿಸಿ, ಜೆಡಿ-ವಿಸಿಸಿ ಪಿನ್ನುಗಳನ್ನು ಸೇರಿಸುವ ಜಂಪರ್ ತೆಗೆದು, ವಿಸಿಸಿಗೆ 3.3, ಜೆಡಿ-ವಿಸಿಸಿಗೆ 5 ಕೊಡಿ. ಹಾಗೆ ಮಾಡಿಯೂ ಬಿಡದಿದ್ದರೆ ಕಾಂಟ್ಯಾಕ್ಟು ಅಂಟಿದೆ, ರಿಲೇ ಬದಲಿಸಿ.

ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಎಲ್ಲ ತಲೆಕೆಳಗು

ಬೋರ್ಡು ಎರಡು ಸೆಕೆಂಡಿನಲ್ಲಿ ಎದ್ದರೆ ರೂಟರ್ ಏಳಲು ಒಂದೆರಡು ನಿಮಿಷ ಬೇಕು. ಒಮ್ಮೆ ಮಾತ್ರ ವೈಫೈ ಹುಡುಕಿ ಸುಮ್ಮನಾಗುವ ಕೋಡು ಅಷ್ಟರಲ್ಲಿ ಸೋತು ಕೂತಿರುತ್ತದೆ. ವೈಫೈ ಸಿಗುವವರೆಗೆ ಅಲ್ಲೇ ಸುತ್ತುವ ಕೋಡು ಅದಕ್ಕಿಂತ ಅಪಾಯ, ಹೀಟರಿನ ನಿಯಂತ್ರಣವೂ ನಿಂತಿರುತ್ತದೆ. ನಿಯಂತ್ರಣ ಮೊದಲು, ವೈಫೈ ಪಕ್ಕದ ಕೆಲಸ. ತಗಡಿನ ಶೆಡ್ಡಿನಲ್ಲಿ ಸಿಗ್ನಲ್ ಮೈನಸ್ 80 ಡಿಬಿಎಂಗಿಂತ ಕೆಳಗಿದ್ದರೆ ರೂಟರನ್ನು ಹತ್ತಿರ ತನ್ನಿ, ಬೋರ್ಡಿಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೆ ಗೊತ್ತಿಲ್ಲ.

ಲಾಗಿನಲ್ಲಿ 1970ರ ಜನವರಿ 1, ಬೆಳಗ್ಗೆ 5.30 ಎಂದಿದ್ದರೆ ನಮ್ಮ ಕಾಲವಲಯ ಸರಿಯಿದೆ, ಇಂಟರ್‌ನೆಟ್ಟಿನಿಂದ ಸಮಯ ಬಂದಿಲ್ಲ ಅಷ್ಟೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಹಾಕಿ. ಅಗ್ಗದ ನೀಲಿ ಮಾಡ್ಯೂಲ್‌ಗಳಲ್ಲಿ ಬ್ಯಾಟರಿಗೆ ಚಾರ್ಜ್ ಮಾಡುವ ಸಾಲು ಇರುತ್ತದೆ; ಚಾರ್ಜ್ ಆಗದ ಸಿಆರ್2032 ಬಿಲ್ಲೆ ಹಾಕುವುದಾದರೆ ಆ ಸಾಲಿನ ಡಯೋಡ್ ಅಥವಾ ರೆಸಿಸ್ಟರನ್ನು ಕಿತ್ತುಹಾಕಿ.

ಲಕ್ಷಣ: ಒಂದು ಬೆಳೆ ಸಲೀಸು, ಮುಂದಿನದರಲ್ಲಿ ಸ್ತಬ್ಧ

ಮಿಲಿಸೆಕೆಂಡ್ ಎಣಿಸುವ 32 ಬಿಟ್ ಗಡಿಯಾರ 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಒಂದು ತಿಂಗಳೂ ಬೇಡ. ಹಾಗಾಗಿ ಮೊದಲ ಬೆಳೆಯಲ್ಲಿ ಈ ದೋಷ ಕಾಣುವುದೇ ಇಲ್ಲ. ‘ಈಗಿನ ಸಮಯ ಮುಂದಿನ ಗಡುವಿಗಿಂತ ಹೆಚ್ಚೇ’ ಎಂದು ಕೇಳುವ ಕೋಡು ಸಿಕ್ಕಿಬೀಳುತ್ತದೆ. ‘ಈಗಿನದರಲ್ಲಿ ಹಿಂದಿನದನ್ನು ಕಳೆದರೆ ಅವಧಿಗಿಂತ ಹೆಚ್ಚೇ’ ಎಂದು ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಗಳಲ್ಲಿ ಕೇಳಿದರೆ ಸಿಕ್ಕಿಬೀಳುವುದಿಲ್ಲ. ಪರೀಕ್ಷೆಗೆ 49 ದಿನ ಕಾಯಬೇಕಿಲ್ಲ: ಎಣಿಕೆಗೆ 4,29,49,07,296 ಕೂಡಿಸಿ ಓಡಿಸಿ, ಒಂದೇ ನಿಮಿಷದಲ್ಲಿ ತುಂಬಿ ಹರಿಯುತ್ತದೆ.

ಇಷ್ಟು ದಿನ ಎಂಬ ಲೆಕ್ಕವಿಲ್ಲದೆ ನಿಂತರೆ ಮೆಮೊರಿ ನೋಡಿ. ಗಂಟೆಗೊಮ್ಮೆ ಎರಡು ಅಂಕಿ ಲಾಗ್ ಮಾಡಿ: ಉಳಿದ ಒಟ್ಟು ಹೀಪ್ (ಕೋಡು ಓಡುವಾಗ ಬಳಸುವ ಮೆಮೊರಿ), ಒಂದೇ ತುಂಡಾಗಿ ಸಿಗುವ ದೊಡ್ಡ ಜಾಗ. ಮೊದಲನೆಯದು ದಿನೇ ದಿನೇ ಇಳಿದರೆ ಸೋರಿಕೆ. ಮೊದಲನೆಯದು ನಿಂತಲ್ಲೇ ಇದ್ದು ಎರಡನೆಯದು ಮಾತ್ರ ಇಳಿದರೆ ಮೆಮೊರಿ ಚೂರುಚೂರಾಗಿದೆ. ಲೂಪಿನೊಳಗೆ ಸ್ಟ್ರಿಂಗ್‌ಗೆ ಸ್ಟ್ರಿಂಗ್ ಕೂಡಿಸುತ್ತ ಹೋಗುವುದು ಸಾಮಾನ್ಯ ಅಪರಾಧಿ.

ಲಕ್ಷಣ: ‘ಗುರು ಮೆಡಿಟೇಶನ್ ಎರರ್’

ಹೆಸರು ಕೇಳಿ ಹೆದರಬೇಡಿ, ಇದರಷ್ಟು ಪ್ರಾಮಾಣಿಕ ಸಂದೇಶ ಇನ್ನೊಂದಿಲ್ಲ. ‘ಲೋಡ್ ಪ್ರೊಹಿಬಿಟೆಡ್’ ಜೊತೆ ವಿಳಾಸ ಸೊನ್ನೆ ಅಥವಾ ಸೊನ್ನೆಯ ಹತ್ತಿರ ಇದ್ದರೆ ಖಾಲಿ ಪಾಯಿಂಟರ್. ‘ಸ್ಟ್ಯಾಕ್ ಕೆನರಿ’ ಎಂದರೆ ಲೂಪ್ ಟಾಸ್ಕಿನ 8,192 ಬೈಟ್ ಸಾಲಲಿಲ್ಲ, ದೊಡ್ಡ ಅರೇಯನ್ನು ಫಂಕ್ಷನ್ನಿನ ಹೊರಗೆ ಇಡಿ. ‘ಕ್ಯಾಶ್ ಡಿಸೇಬಲ್ಡ್’ ಎಂದರೆ ಇಂಟರಪ್ಟ್ ಫಂಕ್ಷನ್ನನ್ನು ಐರ್ಯಾಮ್‌ನಲ್ಲಿ (ಚಿಪ್ಪಿನೊಳಗಿನ ಮೆಮೊರಿಯಲ್ಲಿ) ಇಡಲು ಮರೆತಿದ್ದಾರೆ. ಕೆಳಗಿನ ಬ್ಯಾಕ್‌ಟ್ರೇಸ್ (ಕೋಡು ಕೆಟ್ಟ ಜಾಗಕ್ಕೆ ಬಂದ ದಾರಿ) ವಿಳಾಸಗಳನ್ನು ಆಡರ್2ಲೈನ್ ಉಪಕರಣಕ್ಕೆ ಕೊಟ್ಟರೆ ಫೈಲು, ಸಾಲು ಎರಡೂ ಸಿಗುತ್ತವೆ. ಆದರೆ ಬೋರ್ಡಿನಲ್ಲಿರುವ ಕೋಡಿನದೇ ಎಲ್ಫ್ ಫೈಲ್ (ಕಂಪೈಲ್ ಮಾಡಿದಾಗ ಸಿಗುವ ಫೈಲು) ಬೇಕು. ಮತ್ತೆ ಕಂಪೈಲ್ ಮಾಡಿದ್ದು ಬೇರೆಯಾಗಿರಬಹುದು, ಆಗ ಸಿಗುವ ಸಾಲು ದಾರಿ ತಪ್ಪಿಸುತ್ತದೆ. ಪ್ರತಿ ಹುಳುಮನೆಗೆ ಹಾಕಿದ ಎಲ್ಫನ್ನು ದಿನಾಂಕ ಬರೆದು ಎತ್ತಿಡಿ.

ಬ್ಯಾಕ್‌ಟ್ರೇಸ್ ಲೈಬ್ರರಿಯೊಳಗೆ ಹೋಗಿ ನಿಂತರೆ

ಆಗಲೂ ಮೊದಲ ಅನುಮಾನ ನಿಮ್ಮ ಕೋಡಿನ ಮೇಲಿರಲಿ. ಖಾಲಿ ಪಾಯಿಂಟರನ್ನು ನೀವೇ ಕೊಟ್ಟಿರಬಹುದು. ರಿಲೇ, ವೈಫೈ, ಡಿಸ್‌ಪ್ಲೇ ಎಲ್ಲ ಕಿತ್ತು, ಆ ಸೆನ್ಸರ್ ಓದುವ 20–30 ಸಾಲಿನ ಪ್ರೋಗ್ರಾಂ ಮಾಡಿ. ಅದರಲ್ಲೂ, ಎರಡನೇ ಬೋರ್ಡಿನಲ್ಲೂ, ಬೇರೆ ಅಡಾಪ್ಟರಿನಲ್ಲೂ ದೋಷ ಮರುಕಳಿಸಿದರೆ ಮಾತ್ರ ಅದು ಲೈಬ್ರರಿಯದು. ಹಳೆಯ ಆವೃತ್ತಿಯಲ್ಲಿ ಸರಿಯಿತ್ತೆಂದರೆ ಗಿಟ್ ಬೈಸೆಕ್ಟ್ (ಬದಲಾವಣೆಗಳ ಸಾಲನ್ನು ಅರ್ಧರ್ಧ ಮಾಡುತ್ತ ಹುಡುಕುವ ಆಜ್ಞೆ) ಬಳಸಿ: ನಡುವೆ 1,000 ಕಮಿಟ್ (ದಾಖಲಾದ ಬದಲಾವಣೆ) ಇದ್ದರೂ 10 ಸಲ ಫ್ಲ್ಯಾಶ್ ಮಾಡಿದರೆ ತಪ್ಪಿತಸ್ಥ ಕಮಿಟ್ ಸಿಗುತ್ತದೆ.

ಇಲ್ಲಿಂದಾಚೆ ಸಾಮಾನ್ಯವಾಗಿ ಎಲ್ಲರೂ ಮಾಡುವುದು ತಮ್ಮ ಲ್ಯಾಪ್‌ಟಾಪಿನ ಪ್ರತಿಯಲ್ಲಿ ತಿದ್ದಿ ಸುಮ್ಮನಾಗುವುದು. ಆರು ತಿಂಗಳಿಗೆ ಲೈಬ್ರರಿ ಅಪ್‌ಡೇಟ್ ಆಗುತ್ತದೆ, ತಿದ್ದಿದ್ದು ಅಳಿಸಿಹೋಗುತ್ತದೆ, ಅದೇ ಹುಳುಮನೆಯಿಂದ ಮತ್ತೆ ಫೋನು. ದೋಷದ ವರದಿ, ತಿದ್ದುಪಡಿ ಎರಡನ್ನೂ ಲೈಬ್ರರಿಯ ಮೂಲ ಯೋಜನೆಗೇ ಕಳಿಸಿ. ಶೇ. 85 ತೇವದಲ್ಲಿ ತಿಂಗಳುಗಟ್ಟಲೆ ಬಿಡದೆ ಓಡುವ ಸೆನ್ಸರ್, ಲೈಬ್ರರಿ ಬರೆದವರ ಮೇಜಿನ ಮೇಲೆ ಇರುವುದಿಲ್ಲ. ನಿಮ್ಮ ಲಾಗ್ ಅವರಿಗೆ ಬೇರೆಲ್ಲೂ ಸಿಗುವುದೂ ಇಲ್ಲ.

ವರದಿಯಲ್ಲಿ ಇರಬೇಕಾದ್ದು: ಆ 20 ಸಾಲಿನ ಪ್ರೋಗ್ರಾಂ, ಬೋರ್ಡು ಮತ್ತು ಸೆನ್ಸರಿನ ಪೂರ್ತಿ ಹೆಸರು, ಕೋರ್ ಹಾಗೂ ಲೈಬ್ರರಿಯ ಆವೃತ್ತಿ, ತಂತಿಯ ಉದ್ದ, ಪುಲ್‌ಅಪ್ ಬೆಲೆ, ಲಾಗ್ ಚಿತ್ರವಾಗಿ ಅಲ್ಲ, ಅಕ್ಷರವಾಗಿ. ವೈಫೈ ಪಾಸ್‌ವರ್ಡ್ ಅಳಿಸಿದ್ದೀರಾ ನೋಡಿ. ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲಿಗೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ತಿದ್ದುಪಡಿ ಕಳಿಸುವುದಾದರೆ ಒಂದು ಕಮಿಟ್‌ನಲ್ಲಿ ಒಂದೇ ಬದಲಾವಣೆ. ಜಾಗ ಬಿಟ್ಟಿದ್ದು, ಹೆಸರು ಚಂದ ಮಾಡಿದ್ದು ಎಲ್ಲ ಅದರೊಳಗೆ ತುರುಕಬೇಡಿ. ಪರೀಕ್ಷೆ ಜೊತೆಗಿದ್ದರೆ ಬೇಗ ಒಪ್ಪುತ್ತಾರೆ. ಉದಾಹರಣೆಗೆ ಎಸ್‌ಎಚ್‌ಟಿ31 ಸೆನ್ಸರು ಪ್ರತಿ ಎರಡು ಬೈಟಿಗೆ ಒಂದು ಸಿಆರ್‌ಸಿ (ತಾಳೆ ನೋಡುವ ಅಂಕಿ) ಕಳಿಸುತ್ತದೆ. ಅದನ್ನು ತಾಳೆ ನೋಡದೆ ಕೆಟ್ಟ ಅಂಕಿಯನ್ನೂ ಒಪ್ಪಿಕೊಳ್ಳುವ ಡ್ರೈವರನ್ನು ನೀವು ತಿದ್ದುತ್ತಿದ್ದರೆ, ತಯಾರಕರ ಡೇಟಾಶೀಟಿನಲ್ಲೇ ಮಾದರಿ ಇದೆ: ಹೆಕ್ಸ್‌ನಲ್ಲಿ ಬಿಇ, ಇಎಫ್ ಎಂಬ ಎರಡು ಬೈಟಿಗೆ ಸಿಆರ್‌ಸಿ 92 ಬರಬೇಕು. ಬೋರ್ಡೇ ಇಲ್ಲದೆ ಲ್ಯಾಪ್‌ಟಾಪಿನಲ್ಲಿ ಇದನ್ನು ಪರೀಕ್ಷಿಸಬಹುದು. ಜೆಫಿರ್‌ನಂಥ ಓಪನ್ ಸೋರ್ಸ್ ಯೋಜನೆಗಳು ಪ್ರತಿ ಕಮಿಟ್‌ನಲ್ಲೂ ‘ಸೈನ್ಡ್ ಆಫ್ ಬೈ’ ಸಾಲು ಕೇಳುತ್ತವೆ. ಈ ಕೋಡು ಕೊಡುವ ಹಕ್ಕು ನನಗಿದೆ ಎಂಬ ಒಪ್ಪಿಗೆ ಅದು. ಕಂಪನಿಯ ಕೆಲಸದ ಹೊತ್ತಿನಲ್ಲಿ ಬರೆದದ್ದಾದರೆ ಮೊದಲು ಅಲ್ಲಿ ಕೇಳಿ.

ಒಪ್ಪಿಗೆಯಾಗಿ ಹೊಸ ಆವೃತ್ತಿ ಬರುವವರೆಗೆ ಹುಳುಮನೆ ಕಾಯುವುದಿಲ್ಲ. ಕೋಡು ಕಟ್ಟಲು ಪ್ಲಾಟ್‌ಫಾರ್ಮ್‌ಐಒ ಬಳಸುವವರು ಲೈಬ್ರರಿಯ ಹೆಸರಿನ ಬದಲು ನಿಮ್ಮ ಫೋರ್ಕಿನ (ತಿದ್ದಿದ ಸ್ವಂತ ಪ್ರತಿಯ) ವಿಳಾಸ ಮತ್ತು ಕಮಿಟ್ ಸಂಖ್ಯೆ ಬರೆದು ಅಲ್ಲಿಗೇ ಕಟ್ಟಿಹಾಕಿ, ಪಕ್ಕದಲ್ಲಿ ಕಾಮೆಂಟಾಗಿ ವರದಿಯ ಸಂಖ್ಯೆ ಹಾಕಿ. ಹೊಸ ಆವೃತ್ತಿ ಬಂದ ಮೇಲೆ ಅದನ್ನು ಮೇಜಿನ ಮೇಲಿನ ಬೋರ್ಡಿನಲ್ಲಿ ಒಂದು ವಾರ ಓಡಿಸಿ, ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಹುಳುಮನೆಗೆ ಹಾಕಿ.